ಅಣ್ಣ ಉಂಡ ಬಟ್ಟಲು

ಕೆಳಮನೆಯ ಚೀನೀ ಅಜ್ಜಿ ತನ್ನ ಅಣ್ಣ ಉಂಡು ಬಿಟ್ಟ ಬಟ್ಟಲಲ್ಲೇ ಊಟ ಮಾಡುತ್ತಾಳೆ ಎಂಬುದನ್ನು ಮೊದಲು ಕಂಡುಹಿಡಿದವರು ನಮ್ಮತ್ತೆ. ಅಮೆರಿಕಾ ಸರ್ಕಾರದ ಅಧಿಕಾರಿಗಳು, ದುಭಾಷಿಗಳು, ಬೆರಳಚ್ಚು ಗುಮಾಸ್ತರು ಎಲ್ಲ ಸೇರಿ ಕಂಡುಹಿಡಿಯಲಾಗದ್ದನ್ನು ಮಂಡ್ಯದ ಕಡೆಯ ಹೆಂಗಸೊಬ್ಬರು ಬಾಲ್ಕನಿಯಲ್ಲಿ ಮೊಮ್ಮಗಳಿಗೆ ಅನ್ನ ತಿನ್ನಿಸುತ್ತ ಕಂಡುಹಿಡಿದುಬಿಟ್ಟರು. ಅವರು ಕಂಡುಹಿಡಿಯದೆ ಇದ್ದಿದ್ದರೆ ಒಳ್ಳೆಯದಿತ್ತೇ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾವಾಗ ಫ್ರೀಮಾಂಟಿನ ಹಳೆಯ ಅಪಾರ್ಟ್‌ಮೆಂಟೊಂದರ ಮೇಲಂತಸ್ತಿನಲ್ಲಿದ್ದೆವು. ಎಂಬತ್ತರ ದಶಕ ಇನ್ನೂ ಅರ್ಧ ಕಳೆದಿರಲಿಲ್ಲ. ಈಗಿನ ಹಾಗೆ ಬೀದಿಗೊಂದು ಇಂಡಿಯನ್ ಗ್ರೋಸರಿ ಇರಲಿಲ್ಲ. ಕರಿಬೇವು ಬೇಕೆಂದರೆ ಬರ್ಕ್ಲಿಯವರೆಗೆ ಹೋಗಬೇಕಿತ್ತು. ನನ್ನ ಗಂಡನಿಗೆ ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಯಲ್ಲಿ ಕೆಲಸ. ನಾನು ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ಆ ಓದನ್ನು ಇಲ್ಲಿ ಯಾರೂ ಮೂಸಿಯೂ ನೋಡಲಿಲ್ಲ. ಮಗಳಿಗೆ ವರ್ಷ ತುಂಬುವ ಹೊತ್ತಿಗೆ ಮನೆಯಲ್ಲಿ ಕೂತು ಕೂತು ನನಗೆ ಯಾರನ್ನು ಕಂಡರೂ ರೇಗುವಂತಾಗಿ, ಸಿಕ್ಕಿದ ಕೆಲಸಕ್ಕೆ ಸೇರಿದೆ. ಮಗುವನ್ನು ಡೇಕೇರಿಗೆ ಹಾಕಬೇಡಿ ಎಂದು ಊರಿನಿಂದ ಅತ್ತೆ ಬಂದರು. ಮಾವ ತೀರಿಕೊಂಡು ಆಗ ಹೆಚ್ಚು ಕಾಲವಾಗಿರಲಿಲ್ಲ. ಅತ್ತೆಯ ಬೋಳು ಹಣೆ ನೋಡುವುದು ನಮಗಿನ್ನೂ ಅಭ್ಯಾಸವಾಗಿರಲಿಲ್ಲ.

ನನ್ನ ಕೆಲಸ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದಲ್ಲಿ, ಸರ್ಕಾರದ ಹಳೆಯ ಕಡತಗಳನ್ನು ಇಟ್ಟಿದ್ದ ದೊಡ್ಡ ಗೋದಾಮಿನಲ್ಲಿ. ಹಿಂದೆ ಚೀನಾದ ಕೂಲಿಗಳು ಈ ದೇಶಕ್ಕೆ ಕಾಲಿಡಕೂಡದು ಎಂಬ ಕಾನೂನು ಅರವತ್ತು ವರ್ಷ ಜಾರಿಯಲ್ಲಿತ್ತು. ವ್ಯಾಪಾರಿಗಳು ಬರಬಹುದು, ಇಲ್ಲೇ ಹುಟ್ಟಿದವರು ಬರಬಹುದು, ಅವರ ಮಕ್ಕಳು ಬರಬಹುದು. ಹೊಲ ಗೇಯುವವನು, ಬಟ್ಟೆ ಒಗೆಯುವವನು ಬರುವಂತಿಲ್ಲ. ಹಾಗಾಗಿ ಅವರು ಬೇರೆಯವರ ಮಕ್ಕಳಾಗಿ ಬಂದರು. ಯಾರೋ ವ್ಯಾಪಾರಿಯ ಮಗನೆಂದು ಕಾಗದ ಕೊಂಡು, ಆ ಮನೆಯ ಬಾವಿ ಎಲ್ಲಿದೆ, ಅಜ್ಜಿಯ ಹೆಸರೇನು, ಅಕ್ಕಿಯ ಗುಡಾಣ ಯಾವ ಮೂಲೆಯಲ್ಲಿದೆ ಎಂದೆಲ್ಲ ಬಾಯಿಪಾಠ ಮಾಡಿಕೊಂಡು, ಹಡಗು ದಡ ಸೇರುವ ಮೊದಲು ಆ ಪಾಠದ ಚೀಟಿಗಳನ್ನು ಸಮುದ್ರಕ್ಕೆಸೆದು ಇಳಿದರು. ಆ ಕೊಲ್ಲಿಯ ನಡುವಿನ ಏಂಜೆಲ್ ದ್ವೀಪದ ಬಿಡಾರದಲ್ಲಿ ಅವರನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಹಾಕಿ ಅಧಿಕಾರಿಗಳು ಅದೇ ಪ್ರಶ್ನೆಗಳನ್ನು ಕೇಳಿದರು. ಆ ಪ್ರಶ್ನೋತ್ತರಗಳು, ಫೋಟೋಗಳು ಎಲ್ಲ ನಮ್ಮ ಗೋದಾಮಿನಲ್ಲಿದ್ದವು. ಒಂದೊಂದೇ ಕಡತ ತೆಗೆದು ಹಡಗಿನ ಹೆಸರು, ಬಂದವರ ಹೆಸರು, ಅವರಿಗಾಗಿ ಸಾಕ್ಷಿ ಹೇಳಿದವರೊಂದಿಗಿನ ಸಂಬಂಧ ಇವಿಷ್ಟನ್ನು ಒಂದು ಕಾರ್ಡಿನ ಮೇಲೆ ಟೈಪು ಮಾಡುವುದು ನನ್ನ ಪಾಲಿನ ಕೆಲಸ. ಒಳಗಿನದನ್ನು ಓದಬೇಕಿರಲಿಲ್ಲ, ಓದುವಷ್ಟು ಪುರುಸೊತ್ತೂ ಇರಲಿಲ್ಲ. ಆದರೂ ಕಣ್ಣಿಗೆ ಬೀಳುತ್ತಿತ್ತು. ಹದಿನಾಲ್ಕರ ಹುಡುಗನಿಗೆ, ನಿಮ್ಮೂರಿನ ಮೂರನೇ ಸಾಲಿನ ಎರಡನೇ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿರುತ್ತಿದ್ದರು. ನನ್ನನ್ನು ಕೇಳಿದ್ದರೆ ನಾನು ಸರಸ್ವತಿಪುರದ ನಮ್ಮ ಬೀದಿಯ ಬಗ್ಗೆ ಹೇಳಲಾರದೆ ವಾಪಸು ಹಡಗು ಹತ್ತುತ್ತಿದ್ದೆ.

ಕೆಳಮನೆಯಲ್ಲಿ ಚೀನೀ ಅಜ್ಜಿ, ಆಕೆಯ ಅಣ್ಣ ಇಬ್ಬರೇ ಇದ್ದರು. ಇಬ್ಬರಿಗೂ ಎಪ್ಪತ್ತು ದಾಟಿತ್ತು. ತಾತ ಯಾವುದೋ ಹೋಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಅಜ್ಜಿ ಬಟ್ಟೆ ಹೊಲಿಯುತ್ತಿದ್ದವಳು. ನಾವು ಮನೆಗೆ ಬಂದ ದಿನವೇ ಆಕೆ ತನ್ನ ಇಂಗ್ಲಿಷಿನಲ್ಲಿ, "ಇವನು ನನ್ನ ಅಣ್ಣ. ನಾನು ಮದುವೆಯಾಗಲಿಲ್ಲ," ಎಂದು ನಾವು ಕೇಳದಿದ್ದರೂ ಹೇಳಿದ್ದಳು. ಮನೆಯ ಹಿಂದಿನ ಗೇಣಗಲ ಮಣ್ಣಿನಲ್ಲಿ ಹಾಗಲ, ತಡಗುಣಿ, ಬೂದುಗುಂಬಳ ಬೆಳೆದಿದ್ದಳು. ಹಾಗಲದ ಬಳ್ಳಿ ಕಂಡ ಕೂಡಲೇ ನಮ್ಮತ್ತೆ ಚಪ್ಪಲಿಯನ್ನೂ ಮೆಟ್ಟದೆ ಇಳಿದು ಹೋದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಒಬ್ಬರದು ಮಂಡ್ಯದ ಕನ್ನಡ, ಇನ್ನೊಬ್ಬರದು ಕ್ಯಾಂಟನ್ ಸೀಮೆಯ ಹಳ್ಳಿಮಾತು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡುತ್ತ, ಕೈ ತೋರಿಸುತ್ತ, ಬಳ್ಳಿಗೆ ದಾರ ಕಟ್ಟುತ್ತ ಗಂಟೆಗಟ್ಟಲೆ ಇರುತ್ತಿದ್ದರು. ಸಂಜೆ ಸೇತುವೆ ದಾಟಿ ನಾನು ಮನೆಗೆ ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ಹಾಗಲಕಾಯಿ ಗೊಜ್ಜಿನ ವಾಸನೆ ಬರುತ್ತಿತ್ತು. ಕೆಳಗಿನ ಮನೆಗೂ ಒಂದು ಬಟ್ಟಲು ಹೋಗಿರುತ್ತಿತ್ತು.

ತಾತ ಮಾತ್ರ ನನ್ನಿಂದ ದೂರ. ಒಮ್ಮೆ ಬಟ್ಟೆ ಒಗೆಯುವ ಕೋಣೆಯಲ್ಲಿ ಸಿಕ್ಕಿದಾಗ ಎಲ್ಲಿ ಕೆಲಸ ಎಂದು ಕೇಳಿದ. ನಾನು ಖುಷಿಯಿಂದಲೇ ಹೇಳಿದೆ: ಸರ್ಕಾರದ ಕಡತಗಳು, ಹಡಗುಗಳು, ನಿಮ್ಮ ಊರಿನ ಕಡೆಯಿಂದ ಬಂದವರು. ತಾತ ತಲೆಯಾಡಿಸಿದ. ಆಮೇಲೆ ಮಿಷನ್ನಿನ ಬಾಗಿಲು ತೆಗೆದು, ಇನ್ನೂ ನೀರು ಸೋರುತ್ತಿದ್ದ ಬಟ್ಟೆಯನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಹೊರಟುಹೋದ. ಮುದುಕನಿಗೆ ಅರಳುಮರಳು ಎಂದುಕೊಂಡೆ.

ಆ ಬೇಸಿಗೆಯಲ್ಲಿ ಅವರು ಹಿತ್ತಲಲ್ಲೇ ಊಟಕ್ಕೆ ಕೂರುತ್ತಿದ್ದರು. ಒಂದು ದಿನ ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದು, ಯಾರೋ ಕೇಳಿಸಿಕೊಳ್ಳುತ್ತಾರೆ ಎನ್ನುವಂತೆ ದನಿ ತಗ್ಗಿಸಿದರು.

"ಅವ್ರು ಅಣ್ಣ-ತಂಗಿ ಅಲ್ಲ ಕನವ್ವ. ಗಂಡ-ಹೆಂಡ್ತಿ."

"ಯಾರು ಹೇಳಿದ್ರು ನಿಮಗೆ?"

"ಯೋಳೋದೇನು, ಕಣ್ಣಿಲ್ವಾ ನಂಗೆ? ಅವ್ನು ಉಂಡ್ ಬುಟ್ಟ ಬಟ್ಲಲ್ಲೇ ಇಕ್ಕಂಡು ಉಣ್ತಾಳೆ. ದಿನಾ ನೋಡ್ತಾವ್ನಿ. ಅಣ್ಣನ ಎಂಜ್ಲ ಯಾವ ತಂಗಿ ತಿಂದಾಳು? ನಮ್ಮಣ್ಣ ಹಂಗೇನಾರ ತಟ್ಟೆ ಮುಂದಕ್ ತಳ್ಳಿದ್ರೆ ಅದ್ನೆತ್ತಿ ಅವ್ನ ಮಕಕ್ಕೇ ಹೊಡೀತಿದ್ದೆ."

"ಅತ್ತೆ, ಅವರ ಪದ್ಧತಿ ಬೇರೆ ಇರತ್ತೆ. ಸುಮ್ನಿರಿ."

"ದೇಸ ಬ್ಯಾರೆ ಆದ್ರೆ ಎಂಜ್ಲು ಬ್ಯಾರೆ ಆದದಾ? ಇನ್ನೊಂದು ನೋಡು. ಯಾವತ್ತಾರ ಅವ್ನ ಹೆಸ್ರು ಹಿಡ್ದು ಕರ್ದಿರೋದ ಕೇಳಿದ್ದೀಯಾ?"

ಕೇಳಿರಲಿಲ್ಲ. ಅತ್ತೆ ಕೂಡ ಮಾವನ ಹೆಸರನ್ನು ಹುಟ್ಟಿದಾರಭ್ಯ ಎತ್ತಿದವರಲ್ಲ. ವೀಸಾ ಕೊಡುವ ಕಚೇರಿಯಲ್ಲಿ ಗಂಡನ ಹೆಸರು ಕೇಳಿದಾಗ ಮಗನ ಕಡೆ ತಿರುಗಿ, "ಯೋಳಪ್ಪ," ಎಂದಿದ್ದರಂತೆ. ಅದನ್ನು ನೆನೆಸಿಕೊಂಡು ನಾನು ನಕ್ಕುಬಿಟ್ಟೆ. ಮಾತು ಅಲ್ಲಿಗೇ ನಿಂತಿತು.

ಗೌರಿ ಹಬ್ಬ ಬಂತು. ಮದುವೆಯಾದ ಮೇಲೆ ಬಾಗಿನ ಕೊಡುವುದನ್ನು ನಾನು ಒಂದು ವರ್ಷವೂ ಮಾಡಿರಲಿಲ್ಲ. ಈ ಸಲವಾದರೂ ಆಗಬೇಕೆಂದು ಅತ್ತೆ ಹಟ ಹಿಡಿದರು. ಬಾಗಿನಕ್ಕೆ ಮೊರ ಬೇಕು. ಮೊರವನ್ನು ಎಲ್ಲಿಂದ ತರುವುದು? ಓಕ್ಲೆಂಡಿನ ಚೀನೀ ಅಂಗಡಿಯಲ್ಲಿ ಬಿದಿರಿನ ದುಂಡು ತಟ್ಟೆಗಳು ಸಿಕ್ಕವು. ಒಂದರ ಮೇಲೊಂದು ಕವುಚಿದರೆ ಬಾಗಿನವಾಯಿತು. ಒಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ರವಿಕೆ ಬಟ್ಟೆ, ಅರಿಶಿನ ಕುಂಕುಮದ ಪೊಟ್ಟಣ. ಇನ್ನು ಮುತ್ತೈದೆಯರು ಐವರು ಬೇಕು. ಆಗ ನಮಗೆ ಗೊತ್ತಿದ್ದ ಕನ್ನಡದ ಸಂಸಾರಗಳು ಸುತ್ತಮುತ್ತ ನಾಲ್ಕು.

"ಐದ್ನೇವ್ಳು ಕೆಳ್ಗೇ ಅವ್ಳಲ್ಲವ್ವ," ಎಂದರು ಅತ್ತೆ.

ನಾನು ಹೆಚ್ಚು ವಾದಿಸಲಿಲ್ಲ. ಇದರಲ್ಲಿ ಯಾರಿಗೇನು ನಷ್ಟ ಎಂದುಕೊಂಡೆ. ಅತ್ತೆಯೇ ಹೋಗಿ ಅಜ್ಜಿಯನ್ನು ಕೈಹಿಡಿದು ಕರೆತಂದರು. ಬಿದಿರಿನ ತಟ್ಟೆ ಕಂಡು ಅಜ್ಜಿ ನಕ್ಕಳು. "ಇದರಲ್ಲಿ ನಮ್ಮೂರಲ್ಲಿ ಮೀನು ಒಣಗಿಸ್ತೀವಿ," ಎಂದಳು. ನಾನು ಹಣೆಗೆ ಕುಂಕುಮವಿಟ್ಟು, ಸೆರಗು ಹಿಡಿದು ಬಾಗಿನ ಕೊಟ್ಟೆ. ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಗಂಡನಿಲ್ಲದವರು ಮುಂದೆ ಬರಬಾರದೆಂದು ಅವರೇ ಹಾಕಿಕೊಂಡ ಗೆರೆ ಅದು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಹೇಳಿದರೆ ಅವರು ಕೇಳುತ್ತಿರಲಿಲ್ಲ.

ಅಜ್ಜಿ ತಟ್ಟೆಯ ಮೇಲೆ ಕೈಯಾಡಿಸುತ್ತ, ಇದು ಯಾತಕ್ಕೆ ಎಂದು ಕೇಳಿದಳು.

"ಗಂಡ ಇರುವ ಹೆಂಗಸಿಗೆ ಕೊಡುತ್ತೇವೆ. ಗಂಡನ ಆಯಸ್ಸು ಹೆಚ್ಚಲಿ ಅಂತ," ಎಂದೆ.

ಆಕೆಯ ಕೈ ನಿಂತುಹೋಯಿತು. ಬಾಗಿಲ ಪಕ್ಕದ ಮೊಳೆಗೆ ನನ್ನ ಆಫೀಸಿನ ಚೀಲ, ಅದರ ಮೇಲೆ ಸರ್ಕಾರದ ಮುದ್ರೆಯ ಗುರುತಿನ ಬಿಲ್ಲೆ ನೇತಾಡುತ್ತಿತ್ತು. ಅಜ್ಜಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬಾಗಿನವನ್ನು ನೆಲದ ಮೇಲೆ ಮೆಲ್ಲಗೆ ಇಟ್ಟು, ಬೆನ್ನು ಹಾಕದೆ ಹಿಂದೆ ಹಿಂದೆ ನಡೆದು ಬಾಗಿಲು ದಾಟಿದಳು. ಮೆಟ್ಟಿಲಿಳಿಯುವಾಗ ತೋಳಿನಿಂದ ಹಣೆ ಉಜ್ಜಿಕೊಳ್ಳುತ್ತಿದ್ದುದನ್ನು ಅತ್ತೆ ಬಾಲ್ಕನಿಯಿಂದ ಕಂಡರು.

"ಗಂಡ ಇರೋಳು ತನ್ನ ಕೈಯಾರೆ ಒರೆಸ್ಕಂಡ್ಳಲ್ಲವ್ವ," ಎಂದು ಕೂತುಬಿಟ್ಟರು. ಆ ರಾತ್ರಿ ಅವರು ಊಟ ಮಾಡಲಿಲ್ಲ.

ಮಾರನೆಯ ದಿನದಿಂದ ಕೆಳಮನೆಯ ಪರದೆ ತೆಗೆಯಲಿಲ್ಲ. ಬಳ್ಳಿಗೆ ನೀರು ಹಾಕುವವರಿಲ್ಲದೆ ಹಾಗಲಕಾಯಿಗಳು ಹಣ್ಣಾಗಿ ಬಿರಿದು ಬಿದ್ದವು. ನನಗೆ ಹೊಳೆಯಲು ಒಂದು ವಾರ ಬೇಕಾಯಿತು, ಅಷ್ಟು ದಡ್ಡಿ ನಾನು. ಸೇತುವೆಯ ಮೇಲೆ ಕಾರು ಓಡಿಸುತ್ತಿದ್ದಾಗ ತಾತ ಒದ್ದೆ ಬಟ್ಟೆ ತುಂಬಿಕೊಂಡು ಹೋದದ್ದು ಇದ್ದಕ್ಕಿದ್ದ ಹಾಗೆ ನೆನಪಾಯಿತು. ಅಯ್ಯೋ, ಅಷ್ಟೂ ದಿನ ನಾನು ಟೈಪು ಮಾಡುತ್ತಿದ್ದುದು ಇಂಥವರ ಕಾರ್ಡುಗಳನ್ನೇ. ಅತ್ತೆ ಬಟ್ಟಲು ನೋಡಿ ತಿಳಿದದ್ದನ್ನು ನಾನು ಕಡತ ನೋಡಿ ತಿಳಿದೆ ಎಂದು ಅವರು ನಂಬಿದ್ದರು. ಸಂಜೆಯೇ ಹೋಗಿ ಬಾಗಿಲು ತಟ್ಟಿದೆ. ಒಳಗೆ ರೇಡಿಯೋ ನಿಂತಿತು, ಬಾಗಿಲು ತೆರೆಯಲಿಲ್ಲ. "ನನಗೇನೂ ಗೊತ್ತಿಲ್ಲ, ನಾನೇನೂ ನೋಡಿಲ್ಲ," ಎಂದು ಬಾಗಿಲಿಗೇ ಹೇಳಿ ಬಂದೆ. ಸರ್ಕಾರದ ಕಡೆಯವಳು ಮನೆಬಾಗಿಲಿಗೆ ಬಂದು ನನಗೇನೂ ಗೊತ್ತಿಲ್ಲ ಎಂದರೆ ಯಾರಿಗೆ ತಾನೇ ಧೈರ್ಯ ಬರುತ್ತದೆ?

ಅವರು ಮನೆ ಖಾಲಿ ಮಾಡಲು ಹೊರಟಿದ್ದು ನಮಗೆ ತಿಳಿದದ್ದು ಒಂದು ಶನಿವಾರ ಬೆಳಿಗ್ಗೆ. ಪಾರ್ಕಿಂಗ್ ಜಾಗದಲ್ಲಿ ಏನೋ ಬಿದ್ದ ಸದ್ದಾಯಿತು, ಹಿಂದೆಯೇ ಅಜ್ಜಿಯ ಕೂಗು. ತಾತ ರಟ್ಟಿನ ಪೆಟ್ಟಿಗೆಯ ಪಕ್ಕ ಮಗ್ಗುಲಾಗಿ ಬಿದ್ದಿದ್ದ; ಪೆಟ್ಟಿಗೆಯಿಂದ ಪಾತ್ರೆಗಳು ಚೆಲ್ಲಿದ್ದವು. ಎದೆಯ ಕಾಯಿಲೆ ಮೊದಲಿಂದಲೂ ಇತ್ತಂತೆ, ಡಾಕ್ಟರಿಗೆ ತೋರಿಸಿದ್ದು ಕಡಿಮೆ. ನನ್ನ ಗಂಡ ಆಂಬ್ಯುಲೆನ್ಸಿಗೆ ಫೋನು ಮಾಡಿದರು. ನಾನು ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹಿಂದೆಯೇ ಹೊರಟೆ. ದಾರಿಯುದ್ದಕ್ಕೂ ಆಕೆ ನನ್ನ ಕಡೆ ತಿರುಗಲಿಲ್ಲ.

ಆಸ್ಪತ್ರೆಯ ಮೇಜಿನಲ್ಲಿದ್ದ ಹುಡುಗಿ, "ರೋಗಿಗೆ ನೀವೇನಾಗಬೇಕು?" ಎಂದು ಕೇಳಿದಳು.

ಅಜ್ಜಿ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ಆಮೇಲೆ ಹೇಳಿದಳು: "ತಂಗಿ."

ಹೊರಗೆ ಕಾಯುವ ಕೋಣೆಯಲ್ಲಿ ಆಕೆಯೇ ಬಾಯಿ ಬಿಟ್ಟಳು. "ಬರೆದುಕೋ. ಎಲ್ಲ ಹೇಳ್ತೀನಿ. ಅವನಂತೂ ಹೋಗ್ತಾನೆ. ನನ್ನನ್ನು ವಾಪಸು ಕಳಿಸಿಬಿಡಿ."

ನಾನು ಆಕೆಯ ಕೈ ಹಿಡಿದುಕೊಂಡೆ. ಕಡತವನ್ನು ನಾನು ನೋಡಿಲ್ಲ, ನಮ್ಮತ್ತೆ ನಿಮ್ಮ ಊಟದ ಬಟ್ಟಲು ನೋಡಿದರು, ನಮ್ಮೂರಲ್ಲಿ ಹೆಂಡತಿಯರು ಗಂಡನ ಎಲೆಯಲ್ಲೇ ಉಣ್ಣುತ್ತಾರೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಬಟ್ಟಲು," ಎಂದಳು. ಇನ್ನೊಮ್ಮೆ, "ಬಟ್ಟಲು," ಎಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ಬಾಗಿದಳು. ಆಮೇಲೆ ಹೇಳತೊಡಗಿದಳು. ಆಕೆಯ ಮುರುಕು ಇಂಗ್ಲಿಷಿನ ಮಾತನ್ನು ನನಗೆ ತಿಳಿದಂತೆ ಬರೆಯುತ್ತೇನೆ.

ಹಳ್ಳಿಯಲ್ಲಿ ಅವರಿಬ್ಬರ ಮದುವೆಯಾದಾಗ ಇಬ್ಬರೂ ಇನ್ನೂ ಮಕ್ಕಳೇ. ಕೆಲವು ತಿಂಗಳಿಗೆಲ್ಲ ಗಂಡ ಒಬ್ಬ ವ್ಯಾಪಾರಿಯ ಮಗನೆಂಬ ಕಾಗದ ಹಿಡಿದು ಹಡಗು ಹತ್ತಿದ. ವ್ಯಾಪಾರಿಯ ಮದುವೆಯಾಗದ ಮಗನೆಂದು ಬರೆಸಿದ ಮೇಲೆ ಅವನಿಗೆ ಹಳ್ಳಿಯ ಹೆಂಡತಿಯಿರುವಂತಿಲ್ಲ. ಅವಳನ್ನು ಕರೆಸಿಕೊಳ್ಳುವ ದಾರಿ ಮುಚ್ಚಿತು. ಐದಾರು ವರ್ಷದ ನಂತರ ಅದೇ ವ್ಯಾಪಾರಿ, ತನಗೆ ಮದುವೆಯಾಗದ ಮಗಳೊಬ್ಬಳು ಊರಲ್ಲಿದ್ದಾಳೆಂದು ಸರ್ಕಾರಕ್ಕೆ ಹೇಳಿದ. ಆ ಮಗಳ ಜಾಗದಲ್ಲಿ ಇವಳು ಬಂದಳು. ಅವರ ಹಳ್ಳಿಯಲ್ಲಿ ಮದುವೆಯಾದವರಿಗೆ ತುರುಬು, ಆಗದವರಿಗೆ ಜಡೆ. ಹಡಗಿನಲ್ಲಿ ತುರುಬು ಬಿಚ್ಚಿ ಜಡೆ ಹೆಣೆದುಕೊಂಡಳು.

ದ್ವೀಪದಲ್ಲಿ ಬಹಳ ದಿನ ಇಟ್ಟರು. ಕೊನೆಗೆ ಒಂದು ದಿನ, ನಿನ್ನ ಅಣ್ಣ ಸಾಕ್ಷಿ ಹೇಳಲು ಬಂದಿದ್ದಾನೆ ಎಂದು ಕರೆದರು. "ಬಾಗಿಲು ತೆಗೆದರು. ಅವನು ನಿಂತಿದ್ದ. ನಮ್ಮ ಹಳ್ಳಿಯಲ್ಲಿ ಹೆಂಡತಿ ಹತ್ತು ಜನರೆದುರು ಗಂಡನ ಮುಖ ನೋಡುವುದಿಲ್ಲ, ಕಣ್ಣು ಕೆಳಗೆ. ಅಣ್ಣನನ್ನಾದರೆ ನೇರ ನೋಡ್ತೀವಿ. ನಾನು ನೇರ ನೋಡಿದೆ. ಅವನನ್ನು ಅಷ್ಟು ಚೆನ್ನಾಗಿ ನೋಡಿದ್ದು ಅದೇ ಮೊದಲು. ಸೊರಗಿದ್ದ. ಇವನು ಯಾರು ಅಂದರು. ಅಣ್ಣ ಅಂದೆ."

ಆವತ್ತು ಅಣ್ಣ ಅಂದದ್ದು ಮುಂದೆ ಬದಲಾಗಲೇ ಇಲ್ಲ. ಬಾಡಿಗೆ ಮನೆಯವರಿಗೆ, ಅಕ್ಕಪಕ್ಕದವರಿಗೆ, ಹೊಲಿಗೆಯ ಕಾರ್ಖಾನೆಯವರಿಗೆ ಅಣ್ಣ. ಗೋಡೆಗೂ ಕಿವಿಯಿರುತ್ತದೆಂದು ಮನೆಯೊಳಗೂ ಅಣ್ಣ. ನಿಜ ಒಪ್ಪಿಕೊಂಡವರನ್ನು ಉಳಿಸುತ್ತೇವೆ ಎಂದು ಸರ್ಕಾರ ನಡುವೆ ಒಮ್ಮೆ ಹೇಳಿತ್ತು. ಇವರು ಒಪ್ಪಿಕೊಂಡರೆ ವ್ಯಾಪಾರಿಯ ಮನೆಯವರೆಲ್ಲ ಸಿಕ್ಕಿಬೀಳುತ್ತಿದ್ದರು. ಅನ್ನ ಕೊಟ್ಟ ಮನೆಗೆ ದ್ರೋಹ ಮಾಡುವುದು ಹೇಗೆಂದು ಸುಮ್ಮನಾದರು. ಮಕ್ಕಳ ಬಗ್ಗೆ ನಾನು ಕೇಳಲಿಲ್ಲ. ಆಕೆಯೇ ಹೊಟ್ಟೆಯ ಮೇಲೆ ಕೈಯಿಟ್ಟು, "ಒಂದು ಸಲ ಆಗಿತ್ತು. ಮದುವೆಯಾಗದ ತಂಗಿಗೆ ಮಗು ಹೇಗೆ ಆಗುತ್ತೆ? ಮದ್ದು ಕುಡಿದೆ," ಎಂದಳು. ನನಗೆ ಅಲ್ಲಿ ಕೂತಿರಲಾಗಲಿಲ್ಲ. ನೀರು ತರುತ್ತೇನೆಂದು ಎದ್ದುಹೋಗಿ ಪ್ಯಾಸೇಜಿನಲ್ಲಿ ನಿಂತು ಅತ್ತುಬಿಟ್ಟೆ.

ತಾತ ಆ ವಾರವೇ ತೀರಿಕೊಂಡ. ಕೊನೆಯ ಹೊತ್ತಿನಲ್ಲಿ ಅಜ್ಜಿ ಪಕ್ಕದಲ್ಲಿದ್ದಳು. "ಅವನ ತಾಯಿ ಇಟ್ಟ ಹೆಸರನ್ನು ಕಿವಿಯಲ್ಲಿ ಹೇಳಬೇಕು ಅಂತಿದ್ದೆ. ನರ್ಸು ಪಕ್ಕದಲ್ಲೇ ಇದ್ದಳು. ಅಣ್ಣ ಅಂದುಬಿಟ್ಟೆ," ಎಂದು ನನಗೆ ಹೇಳಿದಳು. ನರ್ಸಿಗೆ ಆ ಭಾಷೆ ಬರುತ್ತಿರಲಿಲ್ಲ. ಅದು ಅಜ್ಜಿಗೂ ಗೊತ್ತಿತ್ತು. ಆದರೆ ನಾಲಿಗೆ ತಿರುಗಲಿಲ್ಲ.

ನಮ್ಮತ್ತೆ ಕುಗ್ಗಿಹೋದರು. "ನಾನು ಕರೀದೆ ಇದ್ದಿದ್ರೆ ಇನ್ನೊಂದೆರಡ್ ವರ್ಸ ಇರ್ತಿದ್ನೇನೋ," ಎಂದು ಮಗುವನ್ನು ತಟ್ಟುತ್ತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಏನು ಸಮಾಧಾನ ಹೇಳಿದರೂ ತಲೆಯಾಡಿಸುತ್ತಿರಲಿಲ್ಲ. ಅಜ್ಜಿ ಮನೆ ಬಿಡುವ ಯೋಚನೆ ಕೈಬಿಟ್ಟು ಕೆಳಮನೆಯಲ್ಲೇ ಉಳಿದಿದ್ದಳು. ಒಂದು ದಿನ ಅತ್ತೆ ಗಂಜಿ ಮಾಡಿ ಪಾತ್ರೆ ಹಿಡಿದು ಒಬ್ಬರೇ ಕೆಳಗೆ ಹೋದರು. ಬಾಗಿಲು ತೆರೆಯಿತು. ಒಳಗೇನಾಯಿತೋ ನನಗೆ ತಿಳಿಯದು. ಬಹಳ ಹೊತ್ತಿನ ಮೇಲೆ ನಾನು ಹೋಗಿ ನೋಡಿದರೆ ಅತ್ತೆ ಕುರ್ಚಿಯ ಹಿಂದೆ ನಿಂತು ಅಜ್ಜಿಯ ಬಿಳಿಗೂದಲಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಜಡೆ ಹೆಣೆಯಲಿಲ್ಲ, ತುರುಬು ಕಟ್ಟಿದರು. ತುರುಬಿನ ಕಥೆಯನ್ನು ನಾನು ಅವರಿಗೆ ಹೇಳಿರಲಿಲ್ಲ. ಆ ವಯಸ್ಸಿನವರಿಗೆ ತುರುಬೇ ಕಟ್ಟುವುದು ಎಂದು ಕಟ್ಟಿದರಷ್ಟೆ. ಅಜ್ಜಿ ಕೈ ಹಿಂದಕ್ಕೆ ಒಯ್ದು ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

ಅಜ್ಜಿಗೆ ಉಳಿದದ್ದು ಒಂದೇ ಆಸೆ. ಸ್ಯಾನ್ ಫ್ರಾನ್ಸಿಸ್ಕೋದ ದಕ್ಷಿಣಕ್ಕಿರುವ ಗುಡ್ಡದ ಚೀನೀ ಸ್ಮಶಾನದಲ್ಲಿ ತಾತನನ್ನು ಮಣ್ಣು ಮಾಡಿದ್ದರು. ಕಲ್ಲು ಇನ್ನೂ ನೆಟ್ಟಿರಲಿಲ್ಲ. ಅಲ್ಲಿ ಗಂಡಹೆಂಡಿರಿಗೆ ಜೋಡಿ ಜಾಗ, ಒಂದೇ ಕಲ್ಲು. ತಂಗಿಯಾದರೆ ಆಕೆಯನ್ನು ಬೇರೆಲ್ಲೋ ಹೂಳುತ್ತಾರೆ. ಬದುಕಿರುವಾಗ ಒಂದೇ ಮನೆಯಲ್ಲಿದ್ದು ಸತ್ತ ಮೇಲೆ ಬೇರೆ ಬೇರೆ ಗುಡ್ಡದಲ್ಲಿ ಮಲಗಬೇಕು. ಕಲ್ಲಿಗೆ ಅಂಟಿಸಲು ಒಂದು ಫೋಟೋ ಬೇಕಿತ್ತು. ಪತ್ತೆಯಾದೀತೆಂಬ ಭಯಕ್ಕೆ ಅವರು ಜೊತೆಯಾಗಿ ಒಂದು ಫೋಟೋ ತೆಗೆಸಿಕೊಂಡಿರಲಿಲ್ಲ.

"ನಿನ್ನ ಆಫೀಸಿನಲ್ಲಿ ನಮ್ಮ ಫೋಟೋ ಇದೆಯಲ್ಲ," ಎಂದಳು.

ಇತ್ತು. ಆಕೆ ಹೇಳಿದ ಹಡಗಿನ ಹೆಸರು ನನಗೆ ಪರಿಚಿತ. ಆ ಹಡಗಿನ ಕಾರ್ಡುಗಳನ್ನು ಹಿಂದಿನ ಚಳಿಗಾಲದಲ್ಲಿ ನಾನೇ ಮಾಡಿದ್ದೆ. ಹುಡುಕಿದರೆ ಆಕೆಯ ಕಾರ್ಡು ಸಿಕ್ಕಿತು: ಸಂಬಂಧ, ತಂಗಿ. ನನ್ನ ಬೆರಳುಗಳೇ ಹೊಡೆದ ಅಕ್ಷರ. ತಿದ್ದಬಹುದೇ ಎಂದು ಮೇಲಿನವರನ್ನು ಕೇಳಿದೆ. ಕಡತದಲ್ಲಿ ಏನಿದೆಯೋ ಕಾರ್ಡಿನಲ್ಲಿ ಅದೇ ಇರಬೇಕು, ನಾವು ದಾಖಲೆ ಮಾಡುವವರು, ತಿದ್ದುವವರಲ್ಲ ಎಂದರು. ಅವರು ಹೇಳಿದ್ದು ಸರಿಯೇ. ಆದರೂ ಆವತ್ತು ನನಗೆ ಬಂದ ಸಿಟ್ಟಿಗೆ ಟೈಪ್‌ರೈಟರನ್ನು ಎತ್ತಿ ಹಾಕಬೇಕೆನ್ನಿಸಿತು.

ಒಂದು ದಿನ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಹೋದೆ. ಸೇತುವೆಯ ಮೇಲೆ ಆಕೆ ಸೀಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕೌಂಟರಿನಲ್ಲಿ ನನ್ನ ಸಹೋದ್ಯೋಗಿ, ನಿವೃತ್ತಿಗೆ ಹತ್ತಿರವಾದ ಬಿಳಿಯ ಹೆಂಗಸು, ಕನ್ನಡಕದ ಮೇಲಿಂದ ನೋಡಿ ಎಲ್ಲರನ್ನೂ ಕೇಳುವ ಹಾಗೆ ಕೇಳಿದಳು: "ಈತ ನಿಮಗೇನಾಗಬೇಕು?"

ಅಜ್ಜಿ ತುರುಬು ಮುಟ್ಟಿಕೊಂಡಳು. "ಗಂಡ," ಎಂದಳು. "ನನ್ನ ಗಂಡ."

ಆ ಹೆಂಗಸು ತಲೆಯೆತ್ತಲಿಲ್ಲ. "ಎರಡು ವಾರ ಆಗುತ್ತೆ. ಮುಂದಿನವರು ಬನ್ನಿ," ಎಂದಳು.

ಅಜ್ಜಿ ಅಲ್ಲೇ ನಿಂತಿದ್ದಳು. ಯಾರಾದರೂ ಬಂದು ಹಿಡಿಯಬಹುದು, ಇನ್ನೇನಾದರೂ ಕೇಳಬಹುದು ಎಂದು ಕಾಯುತ್ತಿದ್ದಳೆಂದು ನನಗೆ ಆಮೇಲೆ ತಿಳಿಯಿತು. ಯಾರೂ ಬರಲಿಲ್ಲ. ಕಾರಿಗೆ ಬಂದು ಕೂತ ಮೇಲೆ, "ಅಷ್ಟೇನಾ?" ಎಂದು ಕೇಳಿದಳು. ಅಷ್ಟೇ ಎಂದೆ. ಆಕೆ ಕಿಟಕಿಯ ಕಡೆ ತಿರುಗಿ ಗಟ್ಟಿಯಾಗಿ ಅಳತೊಡಗಿದಳು. ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಇಡೀ ಜನ್ಮ ಹೆದರಿ ಮುಚ್ಚಿಟ್ಟ ಮಾತನ್ನು ಕೇಳಿಸಿಕೊಳ್ಳುವ ಕಿವಿಯೇ ಅಲ್ಲಿರಲಿಲ್ಲ. ಯಾವಾಗಿನಿಂದ ಇರಲಿಲ್ಲವೋ ಅದನ್ನೂ ಯಾರೂ ಬಂದು ಅವರಿಗೆ ಹೇಳಿರಲಿಲ್ಲ.

ಚಳಿಗಾಲ ಕಳೆದು, ಚೀನೀಯರು ಹಿರಿಯರ ಸಮಾಧಿ ಗುಡಿಸಿ ಎಡೆಯಿಡುವ ದಿನ ನಮ್ಮನ್ನೂ ಕರೆದಳು. ಮಂಜು ಕವಿದಿತ್ತು, ಗಾಳಿ ಬೇರೆ. ಅತ್ತೆ ಸೀರೆಯ ಮೇಲೆ ಮಗನ ಕೋಟು ತೊಟ್ಟು ಬಂದರು. ಕಲ್ಲಿನ ಮೇಲೆ ಪಿಂಗಾಣಿಯ ಬಿಲ್ಲೆಯಲ್ಲಿ ಎರಡು ಮುಖಗಳು ಅಕ್ಕಪಕ್ಕ: ತೆಳ್ಳನೆಯ ಹುಡುಗ, ಜಡೆಯ ಹುಡುಗಿ, ಇಬ್ಬರೂ ಕಣ್ಣು ಮಿಟುಕಿಸದೆ ನೇರ ನೋಡುತ್ತಿದ್ದಾರೆ. ಸರ್ಕಾರ ಅಣ್ಣತಂಗಿಯರೆಂದು ತೆಗೆದ ಫೋಟೋಗಳೇ ಅವರ ಮದುವೆಯ ಫೋಟೋ ಆದವು. ಕೆಳಗೆ ಚೀನೀ ಅಕ್ಷರದಲ್ಲಿ ಎರಡು ಹೆಸರು, ಹೆತ್ತವರು ಇಟ್ಟ ನಿಜವಾದ ಹೆಸರುಗಳು. ತಾತನದಕ್ಕೆ ಚಿನ್ನದ ಬಣ್ಣ. ಅಜ್ಜಿಯ ಹೆಸರಿಗೆ ಕಡುಗೆಂಪು.

"ಇದ್ಯಾಕೆ ಕೆಂಪು?" ಎಂದರು ಅತ್ತೆ.

ನಾನು ಅಜ್ಜಿಯನ್ನು ಕೇಳಿ ಹೇಳಿದೆ. ಬದುಕಿರುವವರ ಹೆಸರಿಗೆ ಕೆಂಪು ತುಂಬುತ್ತಾರೆ. ಸತ್ತ ಮೇಲೆ ಅದನ್ನು ಕೆರೆದು ಚಿನ್ನದ ಬಣ್ಣ ಹಾಕುತ್ತಾರೆ. ಅಲ್ಲಿಯವರೆಗೆ ಹೆಂಡತಿಯ ಹೆಸರು ಗಂಡನ ಪಕ್ಕದಲ್ಲಿ ಕೆಂಪಗೇ ಇರುತ್ತದೆ.

ಅತ್ತೆ ಹತ್ತಿರ ಹೋಗಿ ಬಾಗಿ ಆ ಅಕ್ಷರವನ್ನು ಒಂದು ಬೆರಳಿನಿಂದ ಮುಟ್ಟಿದರು. ಆಮೇಲೆ ಬಣ್ಣ ಹತ್ತಿದೆಯೇ ಎಂದು ಬೆರಳು ನೋಡಿಕೊಂಡರು. ಹತ್ತಿರಲಿಲ್ಲ. ಅಜ್ಜಿ ಎಡೆಯ ಬಟ್ಟಲನ್ನು ಕಲ್ಲಿನ ಮುಂದಿಟ್ಟು, ಸ್ವಲ್ಪ ಹೊತ್ತು ಕಾದು, ಅದೇ ಬಟ್ಟಲನ್ನು ಎತ್ತಿಕೊಂಡು ಅಲ್ಲೇ ಕೂತು ಉಂಡಳು. ಈ ಸಲ ಸುತ್ತಲೂ ಜನರಿದ್ದರು.

ಅತ್ತೆ ಮರುವರ್ಷ ಊರಿಗೆ ಹೊರಟುಹೋದರು. ಅಜ್ಜಿ ಇನ್ನೂ ಕೆಲವು ವರ್ಷ ಇದ್ದಳು. ನಾವು ಪ್ಲೆಸೆಂಟನ್ ಕಡೆ ಮನೆ ಕೊಂಡ ಮೇಲೂ ಬೇಸಿಗೆಯಲ್ಲಿ ಹಾಗಲಕಾಯಿ ತರಲು ನಾನು ಹೋಗುತ್ತಿದ್ದೆ. ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದಳು. ಆ ಭಾನುವಾರ ಊರಿನ ಅಂಗಡಿಯ ಫೋನಿಗೆ ಕರೆ ಮಾಡಿ ಅತ್ತೆಯನ್ನು ಕರೆಸಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು.

"ಕಲ್ಲಲ್ಲಿ ಅವ್ಳ ಹೆಸ್ರು ಕೆಂಪ್ಗೇ ಇತ್ತಾ, ಹೋಗೋಗಂಟ?"

"ಇತ್ತು ಅತ್ತೆ."

"ಹಂಗಾರೆ ಮುತ್ತೈದೆಯಾಗೇ ಹೋದ್ಳು ಬುಡವ್ವ," ಎಂದರು ಅತ್ತೆ. ಆಮೇಲೆ ಆ ಕಡೆಯಿಂದ ಬಹಳ ಹೊತ್ತು ಅವರು ಅಳುವುದು ಕೇಳಿಸುತ್ತಿತ್ತು.